ಅಟ್ಟದ ಮೇಲಿನ ಅಡಕೊತ್ತು

ಇವತ್ತು ಚಿತ್ರದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಬಾನುಲಿಯಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ನಾನು ಹೇಳುತ್ತ ಹೋಗುತ್ತೇನೆ, ನೀವು ಮನಸ್ಸಿನಲ್ಲೇ ಬಿಡಿಸಿಕೊಳ್ಳುತ್ತ ಬನ್ನಿ.

ಹಳೆಯ ಮನೆಯೊಂದರ ಕೋಣೆ. ಸಣ್ಣ ಕಿಟಕಿ, ಅದರಿಂದ ಓರೆಯಾಗಿ ಬಿದ್ದ ಬಿಸಿಲು. ಒಳಗೆ ಕಾಲಿಡಲು ಜಾಗವಿಲ್ಲ. ಮುರಿದ ಕುರ್ಚಿಯ ಮೇಲೆ ಪುಸ್ತಕದ ರಾಶಿ, ಪುಸ್ತಕದ ಮೇಲೆ ಟೋಪಿ, ಟೋಪಿಯ ಪಕ್ಕದಲ್ಲಿ ಬೆಕ್ಕು, ಬೆಕ್ಕಿನ ಹಿಂದೆ ಗ್ರಾಮಫೋನು, ಗೋಡೆಗೆ ಒರಗಿಸಿಟ್ಟ ಫೋಟೋ ಚೌಕಟ್ಟುಗಳು, ತೊಲೆಯಿಂದ ಜೋತುಬಿದ್ದ ಹಗ್ಗ, ಹಗ್ಗಕ್ಕೆ ಸಿಕ್ಕಿಸಿದ ಲಾಂದ್ರ. ಚಿತ್ರದ ಕೆಳಗೆ ಒಂದು ಪಟ್ಟಿ: ಕೀಲಿಕೈ, ಚಿಟ್ಟೆ, ಕತ್ತರಿ, ಪಿಟೀಲು, ಗರಿ, ಇಲಿ. ಇವೆಲ್ಲ ಈ ಕೋಣೆಯಲ್ಲೇ ಇವೆ, ಹುಡುಕಿ ಎಂದು ಅಪ್ಪಣೆ. ಸಿಕ್ಕಿದ್ದರ ಮೇಲೆ ಬೆರಳಿಟ್ಟರೆ ಅದು ಮಿನುಗಿ ಮಾಯವಾಗುತ್ತದೆ; ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೆರೆ ಬೀಳುತ್ತದೆ. ಸಿಗದೆ ಹೋದರೆ ಮೂಲೆಯಲ್ಲೊಂದು ಬಲ್ಬಿನ ಗುರುತು ಇದೆ, ಒತ್ತಿದರೆ ಜಾಗವನ್ನು ತೋರಿಸಿಬಿಡುತ್ತದೆ.

ಮೊಬೈಲಿನಲ್ಲಿ ಈ ಆಟವನ್ನು ಆಡುವವರು ಎಷ್ಟು ಜನ ಅನ್ನುವುದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ ಅಕ್ಕಪಕ್ಕ ಕಣ್ಣು ಹಾಯಿಸಿದರೆ ಗೊತ್ತಾಗುತ್ತದೆ. ಗುಂಡು ಹಾರಿಸುವ ಆಟ, ಕಾರು ಓಡಿಸುವ ಆಟಗಳ ಹತ್ತಿರ ಸುಳಿಯದ ನಡುವಯಸ್ಸಿನ ಹೆಣ್ಣುಮಕ್ಕಳು ಇದರಲ್ಲಿ ಮುಳುಗಿರುತ್ತಾರೆ. ನವನಗರ ದಾಟಿದ್ದು ಗೊತ್ತಾಗುವುದಿಲ್ಲ, ರಾಯಾಪುರ ಬಂದಿದ್ದು ಗೊತ್ತಾಗುವುದಿಲ್ಲ. ಇದನ್ನು ಹೊತ್ತುಗಳೆಯುವ ಚಟ ಎಂದು ತಳ್ಳಿಹಾಕುವವರಿದ್ದಾರೆ. ಮಕ್ಕಳಿಗೆ ಚಿತ್ರಕಲೆ ಕಲಿಸುವ ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಂದು ಚಿತ್ರವನ್ನು ಐದು ನಿಮಿಷ ಬಿಟ್ಟ ಕಣ್ಣು ಬಿಟ್ಟಂತೆ ನೋಡುವ ಅಭ್ಯಾಸ ಇವತ್ತಿನ ದಿನ ಎಲ್ಲಿ ಉಳಿದಿದೆ ಹೇಳಿ. ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿ ಮುಂದಿನದಕ್ಕೆ ಹೋಗುವ ಕಾಲದಲ್ಲಿ, ಈ ಒಂದು ಆಟ ಮಾತ್ರ ನಿಲ್ಲು, ನೋಡು, ಮೂಲೆಗೂ ಹೋಗು ಅನ್ನುತ್ತದೆ. ನನ್ನ ತಕರಾರು ಒಂದೇ. ಆ ಕೋಣೆ ನಮ್ಮದಲ್ಲ.

ಐದನೆಯ ಇಯತ್ತೆಯ ಮಕ್ಕಳಿಗೆ ಇಂಥದೊಂದು ಚಿತ್ರವನ್ನು ಮುದ್ರಿಸಿ ಹಂಚಿದ್ದೆ. ಕೀಲಿಕೈ, ಚಿಟ್ಟೆ, ಇಲಿ ಚಕಚಕನೆ ಸಿಕ್ಕವು. ಆಮೇಲೆ ಪಟ್ಟಿಯಲ್ಲಿ ಮೆಟ್ರೋನೋಮ್ ಎಂದಿತ್ತು, ಬ್ಯಾಗ್‌ಪೈಪ್ ಎಂದಿತ್ತು. ತರಗತಿಯಲ್ಲೇ ಎಲ್ಲರಿಗಿಂತ ಚುರುಕು ಕಣ್ಣಿನ ಹುಡುಗಿ ಕೂಡ ಪೆನ್ಸಿಲ್ ಕೆಳಗಿಟ್ಟು ಕುಳಿತಳು. ಆಕೆಯ ದೃಷ್ಟಿ ಆ ವಸ್ತುವಿನ ಮೇಲೆ ಎಷ್ಟೋ ಸಲ ಹಾದುಹೋಗಿರಬೇಕು. ಕಂಡರೂ ಅದೇ ಇದು ಎಂದು ಹೇಳಲು ಒಳಗೆ ಏನೂ ಇರಲಿಲ್ಲ. ಕಣ್ಣು ಹುಡುಕುವುದು ಮನಸ್ಸಿನಲ್ಲಿ ಮೊದಲೇ ಇರುವ ಒಂದು ರೂಪವನ್ನು. ಆ ರೂಪವೇ ಇಲ್ಲದಿದ್ದರೆ ಚಿತ್ರದ ತುಂಬ ಬರೀ ಗೆರೆಗಳು.

ಅದಕ್ಕೇ ನಾನು ನಮ್ಮದೇ ಒಂದು ಅಟ್ಟವನ್ನು ಬರೆದೆ. ಧಾರವಾಡದ ಹಳೆಯ ಓಣಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಮಣ್ಣಿನ ಮಾಳಿಗೆ ಮನೆ. ಜಂತಿ, ತೊಲೆ, ಮೇಲೆ ಬೆಳಕಿಂಡಿ. ನಿಚ್ಚಣಿಕೆ ಹತ್ತಿ ಹೋದರೆ ಅಟ್ಟ. ಅಲ್ಲಿ ಏನೇನಿರುತ್ತದೆ? ಒಂದರ ಮೇಲೊಂದು ಪೇರಿಸಿಟ್ಟ ಗಡಿಗೆಗಳು, ಮಡಚಿಟ್ಟ ಕೌದಿಗಳು, ತೊಲೆಗೆ ತೂಗುಹಾಕಿದ ಬೆಳ್ಳುಳ್ಳಿ ಗೊಂಚಲು, ಬಿಚ್ಚಿಟ್ಟ ತೊಟ್ಟಿಲು, ಮೂಲೆಯಲ್ಲಿ ಎತ್ತಿನ ಗೆಜ್ಜೆಸರ, ಕಂದೀಲು, ಮೊರ, ಬಿದಿರಿನ ಬುಟ್ಟಿ, ತಳ ಹೋದ ಕೊಡಪಾನ. ಇದರೊಳಗೆ ಅಡಗಿಸಿದ್ದು ಅಡಕೊತ್ತು, ಕವಡೆ, ಬುಗುರಿ, ಶಾವಿಗೆ ಮಣೆ, ಕುಂಚಿಗೆ, ಗಾಳಿಪಟ, ಲಟ್ಟಣಿಗೆ, ಸೇರು.

ಅಡಗಿಸುವುದು ಹೇಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಕೆಲಸದ ರುಚಿ ಇರುವುದೇ ಅಲ್ಲಿ. ಒಂದು ವಸ್ತುವನ್ನು ಇನ್ನೊಂದರ ಹಿಂದೆ ಇಟ್ಟು ಮುಚ್ಚಿಬಿಟ್ಟರೆ ಅದು ಅಡಗಿಸಿದಂತಲ್ಲ, ಮೋಸ ಮಾಡಿದಂತೆ. ವಸ್ತು ಇಡಿಯಾಗಿ ಕಾಣುತ್ತಿರಬೇಕು, ಆದರೆ ಗುರುತು ಸಿಗಬಾರದು. ಅಡಕೊತ್ತಿನ ಹಿಡಿಕೆಗಳನ್ನು ಅಗಲಿಸಿ, ಬೆಳ್ಳುಳ್ಳಿ ಗೊಂಚಲಿನ ಒಣಗಿದ ದಂಟುಗಳ ನಡುವೆ ಎರಡು ದಂಟಾಗಿ ಇಳಿಬಿಟ್ಟೆ. ದಂಟಿನ ಗೆರೆ ಎಲ್ಲಿ ಮುಗಿಯಿತು, ಹಿಡಿಕೆಯ ಗೆರೆ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಒಂದೇ ಎಳೆತದಲ್ಲಿ ಎಳೆಯಬೇಕು. ಕಣ್ಣಿಗೆ ಒಂದು ಚಾಳಿ ಇದೆ: ಹರಿಯುತ್ತಿರುವ ಗೆರೆಯನ್ನು ತುಂಡು ಮಾಡಲು ಅದಕ್ಕೆ ಮನಸ್ಸಾಗುವುದಿಲ್ಲ. ಗೆರೆ ಮುಂದೆ ಹೋದಂತೆ ತಾನೂ ಹೋಗುತ್ತದೆ. ಅದರ ಈ ಚಾಳಿಯಲ್ಲೇ ಅಡಕೊತ್ತು ಅಡಗಿ ಕೂರುತ್ತದೆ.

ಶಾವಿಗೆ ಮಣೆಯನ್ನು ನಿಚ್ಚಣಿಕೆಯ ಒಂದು ಮೆಟ್ಟಿಲು ಮಾಡಿದೆ. ಬುಗುರಿಯನ್ನು ತಲೆಕೆಳಗಾಗಿಸಿ ತೊಟ್ಟಿಲ ಮೂಲೆಯ ಗುಬ್ಬಿಯ ಜಾಗದಲ್ಲಿ ಕೂಡಿಸಿದೆ. ಗಾಳಿಪಟವನ್ನು ಕೌದಿಯ ಮೇಲೆ ಒಂದು ತೇಪೆಯಾಗಿ ಹಚ್ಚಿದೆ. ಕೌದಿಯಂಥ ಅಡಗುದಾಣ ಇನ್ನೊಂದಿಲ್ಲ ನೋಡಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಸೇರಿಸಿ ಹೊಲಿದದ್ದು, ನೂರು ಬಣ್ಣ, ನೂರು ಆಕಾರ. ಅದರ ಮೇಲೆ ಊರನ್ನೇ ಬಚ್ಚಿಡಬಹುದು. ಕವಡೆಯನ್ನು ಗೆಜ್ಜೆಸರದಲ್ಲಿ ಗೆಜ್ಜೆಗಳ ಸಾಲಿಗೆ ಪೋಣಿಸಿದೆ. ಆಕಾರ ಹೆಚ್ಚುಕಡಿಮೆ ಅದೇ, ಅಳತೆಯೂ ಅದೇ. ನಡುವೆ ಸೀಳಿದ ಹಲ್ಲಿನಂಥ ಗೆರೆಯೊಂದೇ ವ್ಯತ್ಯಾಸ.

ಸೇರನ್ನು ಮಾತ್ರ ಅಡಗಿಸಲೇ ಇಲ್ಲ. ಅಟ್ಟದ ನಟ್ಟನಡುವೆ, ಬಿಸಿಲು ಬಿದ್ದ ಜಾಗದಲ್ಲಿ, ಯಾವ ಮರೆಯೂ ಇಲ್ಲದೆ ಇಟ್ಟೆ. ಮಕ್ಕಳಲ್ಲಿ ಒಬ್ಬರಿಗೂ ಅದು ಸಿಗಲಿಲ್ಲ. ಅಡಕೊತ್ತನ್ನು ಹಿಡಿದರು, ಕವಡೆಯನ್ನೂ ಹಿಡಿದರು. ಸೇರನ್ನು ಲೋಟ ಎಂದುಕೊಂಡು ದಾಟಿ ಹೋಗುತ್ತಿದ್ದರು. ಮೊಮ್ಮಗನನ್ನು ಕರೆದೊಯ್ಯಲು ಬಂದಿದ್ದ ಅಜ್ಜಿ ಹಿಂದಿನಿಂದ ಬಗ್ಗಿ ನೋಡಿದವರು, ಕನ್ನಡಕವನ್ನೂ ಹಾಕಿಕೊಳ್ಳದೆ ಬೆರಳಿಟ್ಟರು. "ಇಲ್ಲೇ ಐತೆಲ್ಲೋ, ಕಣ್ಣ ಮುಂದ! ಇದ ಸೇರು. ಇದಕ್ಕ ನೀರು ಕುಡಿಯೋ ವಾಟಗಾ ಅಂತೀಯಲ್ಲ" ಎಂದರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಳಿತು ರಾಶಿ ಅಳೆಯುವುದು ಹೇಗೆಂದು ಹೇಳಿದರು. ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಸೇರಿನ ಮೇಲೆ ಜೋಳ ಗೋಪುರವಾಗಿ ನಿಲ್ಲುವ ಹಾಗೆ ತುಂಬಿದರೆ ಒಂದು ಲೆಕ್ಕ, ಕೈಯಿಂದ ಸವರಿ ಮಟ್ಟ ಮಾಡಿದರೆ ಇನ್ನೊಂದು ಲೆಕ್ಕ. ಮೆಟ್ರಿಕ್ ಪದ್ಧತಿಯ ಕಾಯದೆ ಬಂದದ್ದು 1956ರಲ್ಲಿ. ಸಂತೆಯಿಂದ ಸೇರು ಹೋದ ಮೇಲೂ ಮನೆಗಳಲ್ಲಿ ಅದು ಬಹಳ ಕಾಲ ಇತ್ತು. ಈಗ ಮನೆಗಳಿಂದಲೂ ಹೋಗಿದೆ. ಆ ದಿನ ಆ ಮಕ್ಕಳು ಒಂದು ವಸ್ತುವನ್ನು ಹುಡುಕಿದರು ಅನ್ನುವುದಕ್ಕಿಂತ ಪಡೆದರು ಅನ್ನಬೇಕು. ಮುಂದಿನ ವಾರಗಳಲ್ಲಿ ಬೇರೆ ಚಿತ್ರ ಕೊಟ್ಟಾಗ ಸೇರು ಎಲ್ಲಿದ್ದರೂ ಅವರಿಗೆ ಮೊದಲು ಸಿಗುತ್ತಿತ್ತು.

ಕಣ್ಣ ಮುಂದೆ ಇದ್ದದ್ದೂ ಕಾಣದೆ ಹೋಗುವುದೇಕೆ ಎಂದು ವಿಜ್ಞಾನಿಗಳು ತುಂಬ ಕೆಲಸ ಮಾಡಿದ್ದಾರೆ. ಒಮ್ಮೆ ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಆ ಉಗುರಿನ ಅಗಲ ಎಷ್ಟೋ, ಒಂದು ಗಳಿಗೆಯಲ್ಲಿ ನಮಗೆ ನಿಚ್ಚಳವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ. ಅಕ್ಷಿಪಟಲದ ನಡುವಿನ ಫೋವಿಯಾ ಎಂಬ ಸಣ್ಣ ಗುಳಿಯ ಕೆಲಸ ಅದು. ಉಳಿದದ್ದೆಲ್ಲ ಮಸುಕು. ಇಡೀ ಕೋಣೆ ಸ್ಪಷ್ಟವಾಗಿ ಕಂಡಂತೆ ನಮಗೆ ಅನಿಸುವುದು, ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತ, ತುಣುಕು ತುಣುಕಾಗಿ ತಂದದ್ದನ್ನು ಮಿದುಳು ಜೋಡಿಸಿಕೊಡುವುದರಿಂದ. ಹಾಗಾದರೆ ಮುಂದಿನ ಜಿಗಿತ ಎಲ್ಲಿಗೆ? ಅದನ್ನು ತೀರ್ಮಾನಿಸುವುದರಲ್ಲಿ ನಾವು ಏನನ್ನು ಹುಡುಕುತ್ತಿದ್ದೇವೆ ಎಂಬುದರ ಪಾಲು ದೊಡ್ಡದು.

ಆನ್ ಟ್ರೀಸ್‌ಮನ್ ಎಂಬ ಮನೋವಿಜ್ಞಾನಿ 1980ರಲ್ಲಿ ಗ್ಯಾರಿ ಗೆಲೇಡ್ ಅವರೊಡನೆ ಇದರ ಬಗ್ಗೆ ಒಂದು ಹೆಸರಾಂತ ಲೇಖನ ಬರೆದರು. ಅದರ ತಿರುಳನ್ನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತು ತಿಳಿಯಬಹುದು. ಹಸಿಮೆಣಸಿನಕಾಯಿಯ ರಾಶಿಯಲ್ಲಿ ಒಂದೇ ಒಂದು ಟೊಮೆಟೊ ಬಿದ್ದಿದ್ದರೆ ಹುಡುಕಬೇಕಾಗಿಯೇ ಇಲ್ಲ, ಅದೇ ಕಣ್ಣಿಗೆ ಬಂದು ಬಡಿಯುತ್ತದೆ. ರಾಶಿ ಸಣ್ಣದಿರಲಿ, ದೊಡ್ಡದಿರಲಿ, ಹೊತ್ತು ಅಷ್ಟೇ. ಈಗ ಹಸಿಮೆಣಸಿನಕಾಯಿ ಮತ್ತು ಟೊಮೆಟೊ ಎರಡನ್ನೂ ಕಲಸಿ ಸುರಿದು, ಅದರಲ್ಲಿ ಒಂದು ಕೆಂಪು ಬ್ಯಾಡಗಿ ಮೆಣಸಿನಕಾಯಿ ಹಾಕಿ. ಕೆಂಪು ಎಂದು ಹುಡುಕಿದರೆ ಟೊಮೆಟೊಗಳು ಅಡ್ಡ ಬರುತ್ತವೆ, ಉದ್ದ ಎಂದು ಹುಡುಕಿದರೆ ಹಸಿಮೆಣಸಿನಕಾಯಿಗಳು. ಬಣ್ಣ, ಆಕಾರ ಎರಡನ್ನೂ ಒಟ್ಟಿಗೆ ಹಿಡಿಯಬೇಕಾದಾಗ ಗಮನವನ್ನು ಒಂದೊಂದರ ಮೇಲೂ ಇಟ್ಟು ಎತ್ತಬೇಕು. ರಾಶಿ ಬೆಳೆದಂತೆ ಹೊತ್ತೂ ಬೆಳೆಯುತ್ತದೆ. ಗೆಜ್ಜೆಸರದ ನಡುವಿನ ಕವಡೆ ಮಕ್ಕಳನ್ನು ಸತಾಯಿಸಿದ್ದು ಇದೇ ಕಾರಣಕ್ಕೆ. ಚಿತ್ರ ಬರೆಯುವವರು ಪ್ರಯೋಗಶಾಲೆಗೆ ಹೋಗದೆಯೇ ಇದನ್ನು ಬಲ್ಲವರಾಗಿದ್ದರು.

ಚಿತ್ರ ಬರೆಯುವವರಿಗಿಂತಲೂ ಚೆನ್ನಾಗಿ ಬಲ್ಲವರು ಧಾರವಾಡ ಸೀಮೆಯ ಕಸೂತಿ ಹಾಕುವ ಹೆಣ್ಣುಮಕ್ಕಳು. ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಪ್ರದರ್ಶನಗಳಲ್ಲಿ ಅದಕ್ಕೆ ಬೆಲೆ ಬಂದಿದೆ, ಎಲ್ಲ ಸರಿ. ಆದರೆ ಅದು ಕಣ್ಣಿಗೆ ಎಂಥ ಸಾಧನೆ ಎಂಬುದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಬಟ್ಟೆ ಚಂದ್ರಕಾಳಿ ಸೀರೆಯಾದರಂತೂ ಕಪ್ಪು, ಅಚ್ಚ ಕಪ್ಪು. ಕಪ್ಪು ಎಳೆಗಳ ನಡುವೆ ಕಪ್ಪು ಎಳೆಗಳನ್ನು ಎಣಿಸುವ ಕೆಲಸ. ಗವಂತಿ ಹೊಲಿಗೆಯನ್ನು ಹತ್ತಿರದಿಂದ ನೋಡಿದ್ದೀರಾ? ಸೂಜಿ ಒಂದು ಸಲ ಹೋಗುವಾಗ ಹೊಲಿಗೆ ಬಿಟ್ಟು ಹೊಲಿಗೆ ಹಾಕುತ್ತ ಹೋಗುತ್ತದೆ. ಆಗ ನೋಡಿದರೆ ಬರೀ ಚುಕ್ಕಿಚುಕ್ಕಿ ಗೆರೆ, ಏನೂ ಗೊತ್ತಾಗುವುದಿಲ್ಲ. ಅದೇ ದಾರಿಯಲ್ಲಿ ಮರಳಿ ಬರುವಾಗ ಬಿಟ್ಟ ಜಾಗಗಳೆಲ್ಲ ತುಂಬಿ, ಸೂಜಿ ಹೊರಟಲ್ಲಿಗೇ ಬಂದು ಸೇರುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯನ್ನು ತಿರುವಿ ಹಾಕಿದರೆ ಹಿಂದೆಯೂ ಅದೇ ಚಿತ್ರ. ಅರ್ಧ ದಾರಿಯಲ್ಲಿ ಇರುವಾಗ, ಇನ್ನೂ ಹುಟ್ಟದ ಆನೆಯನ್ನು ಆ ಚುಕ್ಕಿಗಳಲ್ಲಿ ಕಾಣುತ್ತಿರುವವಳು ಆಕೆ ಒಬ್ಬಳೇ.

ಗವಂತಿ, ಮುರ್ಗಿ, ನೇಗಿ, ಮೆಂಥೆ ಎಂದು ನಾಲ್ಕು ಬಗೆಯ ಹೊಲಿಗೆ. ಅದರಲ್ಲಿ ಮೂಡುವುದು ಗೋಪುರ, ತೇರು, ಅಂಬಾರಿ ಆನೆ, ನವಿಲು, ಗಿಳಿ, ತುಳಸಿಕಟ್ಟೆ, ಪಲ್ಲಕ್ಕಿ, ತೊಟ್ಟಿಲು, ಕಮಲ. ತುಂಬ ಹಾಕಿದ ಸೀರೆಯ ಸೆರಗನ್ನು ಮೊದಲ ಸಲ ನೋಡಿದವರಿಗೆ ಇದ್ಯಾವುದೂ ಕಾಣುವುದಿಲ್ಲ. ಕೆಂಪು, ಹಸಿರು, ಹಳದಿ, ಬಿಳಿಯ ಒತ್ತೊತ್ತು ಕೆಲಸ ಕಾಣುತ್ತದೆ, ಚೆಂದ ಐತಿ ಅನ್ನುತ್ತಾರೆ, ಮಡಚಿ ಕೊಡುತ್ತಾರೆ. ಅತ್ತೆಯೋ ಸೋದರತ್ತೆಯೋ ಪಕ್ಕದಲ್ಲಿ ಕುಳಿತು "ಇದು ನೋಡು ತೇರು, ಇದು ತೇರಿನ ಗಾಲಿ, ಇಲ್ಲಿ ಗಿಳಿ ಕುಂತೈತಿ" ಎಂದು ಬೆರಳಿಟ್ಟು ತೋರಿಸಿದಾಗ ಒಂದೊಂದಾಗಿ ಬಿಡಿಬಿಡಿಯಾಗಿ ಎದ್ದು ಬರುತ್ತವೆ. ಒಮ್ಮೆ ಗಿಳಿ ಕಂಡಮೇಲೆ, ಆ ಸೆರಗಿನಲ್ಲಿ ಗಿಳಿಯನ್ನು ಕಾಣದೇ ಇರುವುದು ಇನ್ನು ಸಾಧ್ಯವಿಲ್ಲ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆಯಲ್ಲ, ಅಲ್ಲಿಗೂ ಮಕ್ಕಳನ್ನು ಹೀಗೇ ಕರೆದೊಯ್ಯಬೇಕು. ಬರೀ ಇತಿಹಾಸ ಹೇಳಿ ಸುತ್ತು ಹಾಕಿಸಿದರೆ ಅವರಿಗೆ ಕಲ್ಲು ಕಾಣುತ್ತದೆ. ಕಂಬಗಳ ಮೇಲೆ, ಬಾಗಿಲವಾಡದ ಮೇಲೆ ಏನೇನು ಪ್ರಾಣಿ ಇವೆ ಎಂದು ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಂಡು ಹೋಗಿ, ಹುಡುಕಲು ಬಿಡಿ. ಊಟದ ಹೊತ್ತಾದರೂ ಹೊರಗೆ ಬರುವುದಿಲ್ಲ.

ಈ ಆಟಕ್ಕೆ ಹೊರಗಿನ ಚರಿತ್ರೆಯೂ ಇದೆ, ಚುಟುಕಾಗಿ ಹೇಳುತ್ತೇನೆ. ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರ 1560ರಲ್ಲಿ ಮಕ್ಕಳ ಆಟಗಳು ಎಂಬ ಚಿತ್ರ ಬರೆದ. ಅದು ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳು. ಅದರ ಅಚ್ಚು ಪ್ರತಿಯನ್ನು ತರಗತಿಯ ಗೋಡೆಗೆ ಹಚ್ಚಿದರೆ, ಎಡಗಡೆ ಕೆಳಗಿನ ಮೂಲೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಕುಳಿತು ಆಡುವ ಆಟವನ್ನು ನಮ್ಮ ಹುಡುಗಿಯರು ಥಟ್ಟನೆ ಗುರುತಿಸುತ್ತಾರೆ. ಅವರು ಎಲುಬಿನ ತುಣುಕುಗಳಲ್ಲಿ ಆಡುತ್ತಿದ್ದಾರೆ, ನಾವು ಹರಳಿನಲ್ಲಿ ಆಡುತ್ತೇವೆ, ಆಟ ಅದೇ. ಬುಗುರಿ ಇದೆ, ಗಾಲಿ ಉರುಳಿಸುವುದಿದೆ, ಕಣ್ಣುಕಟ್ಟಾಟ ಇದೆ. ನಾನೂರೈವತ್ತು ವರ್ಷದ ಹಿಂದಿನ, ಎಲ್ಲೋ ದೂರದ ಊರಿನ ಆ ಬಯಲಿನಲ್ಲಿ ನಮ್ಮ ಮಕ್ಕಳು ದಾರಿ ತಪ್ಪದೆ ಓಡಾಡುತ್ತಾರೆ, ಯಾಕೆಂದರೆ ಅವರಿಗೆ ಅಲ್ಲಿ ಪರಿಚಯದವರಿದ್ದಾರೆ. ಮೆಟ್ರೋನೋಮ್ ಮುಂದೆ ಕೈಚೆಲ್ಲಿದ್ದ ಹುಡುಗಿಯೇ ಬ್ರೂಗೆಲ್‌ನ ಚಿತ್ರದಲ್ಲಿ ಎಲ್ಲರಿಗಿಂತ ಮುಂದಿದ್ದಳು.

1987ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಹ್ಯಾಂಡ್‌ಫರ್ಡ್, ಪಟ್ಟೆಪಟ್ಟೆ ಅಂಗಿಯ ವಾಲಿ ಎಂಬ ಹುಡುಗನನ್ನು ಜನಜಂಗುಳಿಯಲ್ಲಿ ಬಚ್ಚಿಟ್ಟು ಪುಸ್ತಕ ಮಾಡಿದ. 1992ರಲ್ಲಿ ಅಮೆರಿಕದಲ್ಲಿ ವಾಲ್ಟರ್ ವಿಕ್ ನಿಜವಾದ ಆಟಿಗೆ, ಗುಂಡಿ, ಗೋಲಿಗಳನ್ನು ಹರಡಿ ತೆಗೆದ ಫೋಟೋಗಳಿಗೆ ಜೀನ್ ಮಾರ್ಜೊಲೊ ಪ್ರಾಸದ ಒಗಟುಗಳನ್ನು ಬರೆದರು. ಐ ಸ್ಪೈ ಪುಸ್ತಕಗಳು ಹುಟ್ಟಿದವು. 2005ರಲ್ಲಿ ಬಂದ ಮಿಸ್ಟರಿ ಕೇಸ್ ಫೈಲ್ಸ್ ಎಂಬ ಕಂಪ್ಯೂಟರ್ ಆಟ ಈ ಬಗೆಯನ್ನು ಮನೆಮನೆಗೆ ಮುಟ್ಟಿಸಿತು. ಈಗ ನಮ್ಮ ಮೊಬೈಲಿನಲ್ಲಿರುವುದು ಅದರ ಮಕ್ಕಳು, ಮೊಮ್ಮಕ್ಕಳು. ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಚಂದಮಾಮ ಹುಡುಕುವ ಆಟವೆಂದು ಹೇಳಿಕೊಳ್ಳಲಿಲ್ಲ. ಆದರೆ ಅದರ ಬೇತಾಳನ ಕಥೆಗೆ ಚಿತ್ರಕಾರ ಶಂಕರ್ ಬರೆಯುತ್ತಿದ್ದ ಸ್ಮಶಾನವನ್ನು ಮಕ್ಕಳು ಮೂಲೆಮೂಲೆ ಜಾಲಾಡುತ್ತಿದ್ದರು. ಮರದ ಪೊಟರೆಯಲ್ಲಿ ಏನೋ ಇದೆ, ಬೇರಿನ ಹತ್ತಿರ ಏನೋ ಇದೆ ಎಂದು. ಪತ್ರಿಕೆಗಳ ಮಕ್ಕಳ ಪುಟದಲ್ಲಿ ಬರುವ ವ್ಯತ್ಯಾಸ ಗುರುತಿಸಿ ಚಿತ್ರಗಳೂ ಇದೇ ಬಳಗದವು. ಅವುಗಳಲ್ಲಿ ಎಷ್ಟೋ ಚಿತ್ರಗಳು ಬೇರೆ ಕಡೆಯಿಂದ ಎರವಲು ತಂದವೆಂದು ನೋಡಿದಾಕ್ಷಣ ಗೊತ್ತಾಗುತ್ತದೆ. ಹಿಮದ ಮನುಷ್ಯ, ಚಿಮಣಿ ಇರುವ ಮನೆ, ಕ್ರಿಸ್ಮಸ್ ಮರ. ನಮ್ಮದೇ ಚಿತ್ರ ಮಾಡಲು ನಮಗೇನು ಕೊರತೆ? ಹುಬ್ಬಳ್ಳಿ ಎಂಥ ಅಚ್ಚಿನ ಊರು! 1956ರಲ್ಲಿ ಕಸ್ತೂರಿ ಮಾಸಪತ್ರಿಕೆ ಶುರುವಾದ ಊರು. ಧಾರವಾಡ ಡಿ. ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು. ರಾಜ್ಯದ ಬಾಲವಿಕಾಸ ಅಕಾಡೆಮಿ ಇರುವುದೂ ಧಾರವಾಡದಲ್ಲೇ. ನಮ್ಮ ಅಟ್ಟ, ನಮ್ಮ ಸಂತೆ, ನಮ್ಮ ಕಣ, ನಮ್ಮ ಜಾತ್ರೆಯನ್ನು ಬರೆದು ಅಡಗಿಸಿ ಕೊಡುವ ಕೈಗಳಿಗೆ ಇಲ್ಲಿ ಬರವಿಲ್ಲ. ಒಂದು ಪುಸ್ತಕ ಬರಬೇಕು, ಬರಲೇಬೇಕು ಎಂದು ನನ್ನ ಹಂಬಲ.

ಆಟವೆಂದರೆ ಆಟ, ಇಷ್ಟೆಲ್ಲ ಮಾತೇಕೆ ಎನ್ನುವವರಿಗೆ ಇನ್ನೊಂದು ಸಂಗತಿ ಹೇಳುತ್ತೇನೆ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. ಆಗ ಅಕ್ಕಿಯಲ್ಲಿ ಕಲ್ಲು ಹೆಚ್ಚು, ಊಟದಲ್ಲಿ ಹಲ್ಲಿಗೆ ಸಿಗುತ್ತಿದ್ದುದು ಕಡಿಮೆ. ಈಗ ಸೋಸಿ ಚೀಲಕ್ಕೆ ಹಾಕಿದ ಅಕ್ಕಿ ಬರುತ್ತದೆ. ಅದರಲ್ಲಿ ಅಪ್ಪಿತಪ್ಪಿ ಒಂದು ಕಲ್ಲು ಇದ್ದರೆ ಅದು ನೇರವಾಗಿ ಹಲ್ಲಿಗೇ ಬರುತ್ತದೆ. ಕಲ್ಲಿರುವುದಿಲ್ಲ ಎಂದು ಕಣ್ಣು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಮನೋವಿಜ್ಞಾನಿ ಜೆರೆಮಿ ವುಲ್ಫ್ ಮತ್ತು ಅವರ ಜೊತೆಗಾರರು ಇದನ್ನೇ ಪ್ರಯೋಗದಲ್ಲಿ ತೋರಿಸಿ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ತಪ್ಪಿಸಿಕೊಂಡದ್ದು ನೂರಕ್ಕೆ 7. ಅದೇ ವಸ್ತು ನೂರು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ತಪ್ಪಿಸಿಕೊಂಡದ್ದು ನೂರಕ್ಕೆ 30. ವಿಮಾನ ನಿಲ್ದಾಣದಲ್ಲಿ ಚೀಲಗಳ ಎಕ್ಸ್‌ರೇ ನೋಡುವವರಿಗೂ, ಆಸ್ಪತ್ರೆಯಲ್ಲಿ ಗಂಟು ಹುಡುಕುವವರಿಗೂ ಎದುರಾಗುವ ಕಷ್ಟ ಇದೇ. ಅಪರೂಪದ್ದನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ, ಹುಡುಕಲೇಬೇಕಾದದ್ದೂ ಅದೇ.

ಅದೇ ಬಳಗದವರು 2013ರಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು. ಎದೆಯ ಸಿ.ಟಿ. ಚಿತ್ರಗಳಲ್ಲಿ ಶ್ವಾಸಕೋಶದ ಸಣ್ಣ ಗಂಟುಗಳನ್ನು ಗುರುತಿಸಲು 24 ಮಂದಿ ಪರಿಣತ ವೈದ್ಯರಿಗೆ ಹೇಳಿದರು. ಕೊನೆಯ ಚಿತ್ರಗಳಲ್ಲಿ ಒಂದು ಗೊರಿಲ್ಲಾದ ರೂಪವನ್ನು ಸೇರಿಸಿದ್ದರು. ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲಿಲ್ಲ. ಅವರ ಕಣ್ಣಿನ ಚಲನೆಯನ್ನು ದಾಖಲಿಸಿದ್ದ ಯಂತ್ರ, ಅವರಲ್ಲಿ ಹೆಚ್ಚಿನವರು ಅದರ ಮೇಲೆಯೇ ದೃಷ್ಟಿ ಇಟ್ಟಿದ್ದರು ಎಂದು ಹೇಳಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ನಮ್ಮ ಗಾದೆಯನ್ನು ನಾವು ಪೆದ್ದರ ಮೇಲೆ ಹೇಳುತ್ತೇವೆ. ಆ ವೈದ್ಯರು ಪೆದ್ದರಲ್ಲ, ತಮ್ಮ ಕೆಲಸದಲ್ಲಿ ನುರಿತವರು. ಗಂಟನ್ನು ಹುಡುಕಿ ಎಂದು ಹೇಳಿದಾಗ ಅವರ ಕಣ್ಣು ಗಂಟಿಗಾಗಿ ಮೀಸಲಾಯಿತು. ಆದ್ದರಿಂದ ಮಕ್ಕಳ ಚಿತ್ರದಲ್ಲೂ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪಟ್ಟಿ ಮುಗಿದ ಮೇಲೆ, ಪಟ್ಟಿಯಲ್ಲಿ ಇಲ್ಲದ್ದು ಏನಿದೆ ಎಂದು ಕೇಳುತ್ತೇನೆ. ಮತ್ತೆ ಬಗ್ಗುತ್ತಾರೆ. ಈ ಎರಡನೆಯ ಸಲದ ನೋಟವೇ ಬೇರೆ. ಆಗ ಜಂತಿಯಲ್ಲಿ ಗುಬ್ಬಿ ಕಟ್ಟಿದ ಗೂಡು ಸಿಗುತ್ತದೆ, ಗಡಿಗೆಯ ಮೇಲಿನ ಬಿರುಕು ಸಿಗುತ್ತದೆ, ಬಿಸಿಲು ಯಾವ ದಿಕ್ಕಿನಿಂದ ಬಂದಿದೆ ಎಂಬುದೂ ಸಿಗುತ್ತದೆ.

ಮನೆಯವರಲ್ಲಿ ಒಂದು ವಿನಂತಿ ಇದೆ. ಆ ಬಲ್ಬಿನ ಗುರುತನ್ನು ಮಕ್ಕಳು ಒತ್ತದ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯ, ನೀವೇ ಬಲ್ಬು ಆಗಬೇಡಿ. ಮಗು ಎರಡು ನಿಮಿಷ ತಡಕಾಡಿದರೆ ಸಾಕು, ಪಕ್ಕದಲ್ಲಿ ಕುಳಿತವರಿಗೆ ಬೆರಳು ತುರಿಸುತ್ತದೆ. ಇಲ್ಲೈತಿ ನೋಡು ಎಂದು ತೋರಿಸಿಬಿಡುತ್ತಾರೆ. ಮಗುವಿನ ಮುಖ ಆಗ ಬಾಡುವುದನ್ನು ನೋಡಿದ್ದೀರಾ? ಅದರ ಕೈಗೆ ಬರುತ್ತಿದ್ದದ್ದನ್ನು ನೀವು ಕಸಿದಿರಿ. ತೀರ ಸಿಗದೇ ಹೋದರೆ, ಜಾಗ ತೋರಿಸುವ ಬದಲು ವಸ್ತುವಿನ ವಿಚಾರ ಮಾತಾಡಿ. ಅಡಕೊತ್ತು ಎಂದರೆ ಹೇಗಿರುತ್ತದೆ, ಎಷ್ಟು ಉದ್ದ, ಎರಡು ಹಿಡಿಕೆ ಎಲ್ಲಿ ಕೂಡುತ್ತವೆ, ಮುಚ್ಚಿದಾಗ ಹೇಗೆ, ತೆರೆದಾಗ ಹೇಗೆ, ಮುತ್ತಜ್ಜ ಅದನ್ನು ಯಾವ ಕೈಯಲ್ಲಿ ಹಿಡಿದು ಅಡಿಕೆಯನ್ನು ಎಷ್ಟು ತೆಳ್ಳಗೆ ಕತ್ತರಿಸುತ್ತಿದ್ದ. ಹೇಳುತ್ತಿರುವಾಗಲೇ ಮಗು ಸಿಕ್ಕಿತು ಎಂದು ಕೂಗುತ್ತದೆ. ಹೊತ್ತಿನ ಲೆಕ್ಕವೂ ಬೇಡ. ಆಟದಲ್ಲಿ ಮೂಲೆಯ ಗಡಿಯಾರ ಹಿಂದೆ ಹಿಂದೆ ಓಡುತ್ತಿದ್ದರೆ ಅದನ್ನು ನಿಲ್ಲಿಸುವ ಅನುಕೂಲ ಇದ್ದರೆ ನಿಲ್ಲಿಸಿ. ಬೆನ್ನಟ್ಟಿದರೆ ಕಣ್ಣು ಜಿಗಿಯುತ್ತದೆ, ನಿಲ್ಲುವುದಿಲ್ಲ.

ಮನೆಯಲ್ಲೇ ಇಂಥ ಚಿತ್ರ ಮಾಡುವುದು ಕಷ್ಟವಲ್ಲ. ಚಿತ್ರ ಬರೆಯಲು ಬಾರದವರಿಗೂ ದಾರಿ ಇದೆ. ಒಂದು ಕೌದಿಯನ್ನೋ ಇಳಕಲ್ ಸೀರೆಯನ್ನೋ ನೆಲದ ಮೇಲೆ ಹಾಸಿ. ಮನೆಯ ಸಾಮಾನುಗಳನ್ನು ಅದರ ತುಂಬ ಹರಡಿ: ಚಮಚ, ಗುಂಡಿ, ಕೀಲಿಕೈ, ಹಳೆಯ ನಾಣ್ಯ, ಹುಣಸೆಬೀಜ, ಪೆನ್ನು, ಬಳೆ, ಔಷಧದ ಖಾಲಿ ಶೀಶೆ, ಊದುಬತ್ತಿ ಸ್ಟ್ಯಾಂಡು. ಅಡಗಿಸಬೇಕಾದವನ್ನು ಬಣ್ಣಕ್ಕೆ ಬಣ್ಣ, ಗೆರೆಗೆ ಗೆರೆ ಕೂಡಿಸಿ ಇಡಿ. ಕೆಂಪು ಬಳೆಯನ್ನು ಸೆರಗಿನ ಕೆಂಪಿನ ಮೇಲೆ, ಪೆನ್ನನ್ನು ದಡಿಯ ಗೆರೆಗೆ ಸಮನಾಗಿ, ಹುಣಸೆಬೀಜವನ್ನು ಕಂದು ಗುಂಡಿಗಳ ಗುಂಪಿನಲ್ಲಿ. ಕುರ್ಚಿಯ ಮೇಲೆ ನಿಂತು ಮೇಲಿನಿಂದ ನೇರವಾಗಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೆರಳು ಬೀಳದ ಹಾಗೆ, ಕಿಟಕಿಯ ಬೆಳಕಿನಲ್ಲಿ. ಮೊದಲ ಸಲಕ್ಕೆ ಎಂಟು ವಸ್ತುಗಳನ್ನು ಅಡಗಿಸಿದರೆ ಸಾಕು. ಅವುಗಳಲ್ಲಿ ಎರಡಾದರೂ ಮಗು ಕೈಯಲ್ಲಿ ಹಿಡಿದು ನೋಡಿಲ್ಲದಂಥವು ಇರಲಿ, ಮನೆಯ ಹಿರಿಯರ ಪೆಟ್ಟಿಗೆಯಿಂದ ತೆಗೆದದ್ದು. ಹುಡುಕಬೇಕಾದವುಗಳ ಪಟ್ಟಿಯನ್ನು ಅವರಿಂದಲೇ, ಅವರು ಕರೆಯುವ ಹೆಸರಿನಲ್ಲೇ ಬರೆಸಿ. ಆಟ ಮುಗಿದ ಮೇಲೆ ಹೊಸ ಫೋಟೋಕ್ಕೆ ಸಾಮಾನು ಜೋಡಿಸಿ ಅಡಗಿಸುವ ಪಾಳಿ ಮಗುವಿನದು, ಹುಡುಕುವ ಪಾಳಿ ನಿಮ್ಮದು.